ರಾಯಚೂರಿನಲ್ಲಿ ಕರಾಟೆ ಕ್ಲಾಸ್: 6,000 ರೂಪಾಯಿಯಲ್ಲಿ ಪ್ರಚಾರ ಹೇಗೆ?

ಬಿಳಿಬೆಲ್ಟ್:
ನಿಜಲಿಂಗಪ್ಪ ಕಾಲೊನಿ ಕಡೆ ಬಾಡಿಗೆ ಹಾಲ್‌ನಲ್ಲಿ ಕರಾಟೆ ಕ್ಲಾಸ್ ಇದೆ. ಈಗ 18 ಮಕ್ಕಳು, ಜಾಗ 40 ಮಕ್ಕಳಿಗಿದೆ. ಫೀ ತಿಂಗಳಿಗೆ 600. ಏಪ್ರಿಲ್ ಬೇಸಿಗೆ ಶಿಬಿರ, ಜೂನ್ ಅಡ್ಮಿಷನ್ ಎರಡಕ್ಕೂ ಸೇರಿ ಪ್ರಚಾರಕ್ಕೆ ಇರೋದು 6,000 ರೂ. ಫ್ಲೆಕ್ಸ್ ಹಾಕಿಸೋದಾ, ಪೇಪರ್ ಒಳಗೆ ಕರಪತ್ರ ಇಡಿಸೋದಾ, ಇನ್‌ಸ್ಟಾಗ್ರಾಂಗೆ ದುಡ್ಡು ಹಾಕೋದಾ? ಆಟೋಕ್ಕೆ ಮೈಕ್ ಕಟ್ಟಿ ಕೂಗಿಸೋ ಯೋಚನೆಯೂ ಇದೆ.

ಗಂಜ್ ಕಡೆಯವ:
ಫ್ಲೆಕ್ಸ್ ಬ್ಯಾಡ್ರಿ. ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಿಂದ ರಾಜ್ಯದಾಗ ನಿಷೇಧ ಅದ, ಕಂಬಕ್ಕ ಕಟ್ಟಿದ್ದು ಯಾವಾಗ ಕಿತ್ತಿಕೊಂಡು ಹೋಗ್ತಾರೋ ಗೊತ್ತಿಲ್ಲ. ಬಟ್ಟೆ ಬ್ಯಾನರ್ ಒಂದೇ ಒಂದು, 6 ಅಡಿ ಉದ್ದ 3 ಅಡಿ ಅಗಲ, ನಿಮ್ಮ ಹಾಲ್ ಮುಂದ ಕಟ್ರಿ. ಕರಾಟೆ, ವಯಸ್ಸು, ಫೋನ್ ನಂಬರ್, ಇಷ್ಟೇ. ಬೈಕ್ ಮ್ಯಾಲೆ ಹೋಗೋರು ಇದಕ್ಕಿಂತ ಹೆಚ್ಚು ಓದಂಗಿಲ್ಲ. ನಡುವ ನಾಲ್ಕು ಕಡೆ ಅರ್ಧಚಂದ್ರದಂಗ ಕತ್ತರಿಸಿ ಬಿಡ್ರಿ, ಇಲ್ಲಾಂದ್ರ ಮೊದಲ ಬಿರುಗಾಳಿಗೇ ಹಗ್ಗ ಹರಿತದ.

ಮೈಕ್ ಅಂತೂ ಬ್ಯಾಡೇ ಬ್ಯಾಡ. ಅದಕ್ಕ ಮೊದಲೇ ಲಿಖಿತ ಅನುಮತಿ ತಗೋಬೇಕು. ಸಾಲಿ, ದವಾಖಾನಿ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಂದ್ರ ನಿಮಗ ಬೇಕಾದ ಜಾಗದಾಗೇ ಕೂಗಂಗಿಲ್ಲ! ಅನುಮತಿ ಸಿಕ್ರೂ ನಂಬರ್ ಬರಕೊಳ್ಳೋದ್ರಾಗ ಆಟೋ ಮುಂದಿನ ಓಣಿಗೆ ಹೋಗಿರ್ತದ.

ಡಿಟಿಪಿ ಮೇಜು:
ಕರಪತ್ರದ ಲೆಕ್ಕ ಹೇಳ್ತೀನಿ. ಎ5 ಅಳತೆ, 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಅನ್ನೋ ಹೊಳಪಿಲ್ಲದ ಸಾದಾ ಕಾಗದ, ಒಂದೇ ಬಣ್ಣದ ಇಂಕು, ಬಣ್ಣದ ಕಾಗದ. ಹೊಳೆಯುವ ಆರ್ಟ್ ಪೇಪರ್ ಬೇಡ, ದುಬಾರಿ. ಮೇಲೆ ಪೆನ್ನೂ ಸರಿಯಾಗಿ ಹಿಡಿಯುವುದಿಲ್ಲ. ಟ್ರಯಲ್ ಕ್ಲಾಸ್ (ಸೇರುವ ಮೊದಲು ಮಕ್ಕಳು ಬಂದು ನೋಡುವ ಕ್ಲಾಸ್) ದಿನಾಂಕವನ್ನು ಕೈಯಲ್ಲಿ ಬರೆದುಕೊಡಲು ಕೆಳಗೆ ಒಂದು ಖಾಲಿ ಗೆರೆ ಬಿಡಿ. 1,500 ಪ್ರತಿ ಸಾಕು: 1,000 ಏಪ್ರಿಲ್‌ಗೆ, 500 ಜೂನ್‌ಗೆ. ಬ್ಯಾಚ್ ದಿನಾಂಕ ಮುದ್ರಿಸಬೇಡಿ, ರಬ್ಬರ್ ಸ್ಟ್ಯಾಂಪ್ ಒತ್ತಿ. ಮಾರ್ಚ್ ಹಾಳೆಯೇ ಜೂನ್‌ಗೂ ನಡೆಯುತ್ತದೆ.

ಎಡವೋದು ಅಕ್ಷರದಲ್ಲಿ. ನೀವು ವಾಟ್ಸಾಪ್‌ನಲ್ಲಿ ಕಳಿಸಿದ್ದು ಯೂನಿಕೋಡ್ ಅನ್ನೋ ಮೊಬೈಲ್ ಅಕ್ಷರ ಸಂಕೇತ, ಅಂಗಡಿಯವರ ಹಳೇ ಪುಟವಿನ್ಯಾಸ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿರೋದು ಬೇರೆ ಸಂಕೇತದ ನುಡಿ ಫಾಂಟ್. ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ಬಿಟ್ಟು ಓಡುತ್ತವೆ. 'ಮಾರ್ಷಲ್ ಆರ್ಟ್ಸ್' ಅನ್ನೋ ಎರಡು ಪದದಲ್ಲೇ ಎರಡು ಅರ್ಕಾವತ್ತು! ಅಚ್ಚಿಗೆ ಮೊದಲು ತೋರಿಸುವ ಪ್ರೂಫ್ ಅನ್ನು ಮೊಬೈಲ್‌ನಲ್ಲಿ ನೋಡಬೇಡಿ, ಕಾಗದದ ಮೇಲೆ ತೆಗೆಸಿ ಗಟ್ಟಿಯಾಗಿ ಓದಿ, ಅಲ್ಲಿರೋ ನಂಬರ್‌ಗೇ ಒಂದು ಫೋನ್ ಮಾಡಿ ನೋಡಿ. ನಮ್ಮೂರಲ್ಲಿ ತೆಲುಗು, ಉರ್ದು ಓದುವ ಮನೆಗಳೂ ಬೇಕಾದಷ್ಟಿವೆ. ಕೆಳಗೆ ಒಂದೊಂದು ಸಾಲು ಸೇರಿಸಿ. ಉರ್ದು ಸಾಲನ್ನು ಚಿತ್ರವಾಗಿ ಕೊಡಿ. ಹಳೇ ಸಾಫ್ಟ್‌ವೇರ್‌ನಲ್ಲಿ ಅದರ ಅಕ್ಷರಗಳು ಬಿಡಿಬಿಡಿಯಾಗಿ, ಕೆಲವು ಸಲ ತಿರುಗುಮುರುಗಾಗಿ ಬೀಳುತ್ತವೆ.

ಪೇಪರ್ ಏಜೆಂಟರ ಹತ್ತಿರ 'ಊರೆಲ್ಲ ಹಾಕಿ' ಅನ್ನಬೇಡಿ. ಹಾಲ್‌ನಿಂದ ಎರಡು ಕಿಲೋಮೀಟರ್ ಒಳಗಿನ ಲೈನ್ ಯಾವ ಹುಡುಗರದು ಅಂತ ಕೇಳಿ, ಆ ಲೈನ್‌ಗಳ ಪ್ರತಿ ಎಷ್ಟೋ ಅಷ್ಟೇ ಎಣಿಸಿ ಹಿಂದಿನ ಸಂಜೆ ಕೊಡಿ. ಭಾನುವಾರ ಬಿಟ್ಟುಬಿಡಿ, ಪುರವಣಿ ಜತೆ ಸೀರೆ ಅಂಗಡಿ, ಟ್ಯೂಷನ್ ಹಾಳೆಗಳೆಲ್ಲ ಒಟ್ಟಿಗೆ ಬೀಳುತ್ತವೆ. ಬೆಳಿಗ್ಗೆ ಆ ಓಣಿಯ ಪರಿಚಯದ ನಾಲ್ಕು ಮನೆಗೆ ಫೋನ್ ಮಾಡಿ ಬಂತಾ ಅಂತ ವಿಚಾರಿಸಿ.

ಸಂಜೆ ಬ್ಯಾಚ್:
ಪೇಪರಿಗೆ ಅಷ್ಟೂ ಸುರಿಯೋದು ನನಗೆ ಒಪ್ಪಿಗೆ ಇಲ್ಲ. ಅರ್ಧ ಹಾಳೆಗಳನ್ನು ಶಾಲೆ ಗೇಟಿಗೆ ಇಟ್ಟುಕೊಳ್ಳಿ, ಅದೂ ಶಾಲೆ ನಡೆಯುತ್ತಿರುವಾಗಲೇ, ಮಾರ್ಚ್ ಕೊನೆ ವಾರದೊಳಗೆ. ಎಲ್‌ಕೆಜಿಯಿಂದ ನಾಲ್ಕನೇ ಕ್ಲಾಸ್‌ವರೆಗಿನ ಮಕ್ಕಳನ್ನು ಕರೆದೊಯ್ಯಲು ತಾಯಿಯೋ ಅಜ್ಜನೋ ಬಂದು ನಿಂತಿರುತ್ತಾರೆ, ಹಾಳೆ ಅವರ ಕೈಗೇ ಹೋಗಬೇಕು. ಮಕ್ಕಳ ಕೈಗೆ ಕೊಟ್ಟರೆ ರಾಕೆಟ್ ಆಗುತ್ತದೆ. ಹೈಸ್ಕೂಲ್ ಗೇಟಲ್ಲಿ ಹಂಚಿ ಉಪಯೋಗವಿಲ್ಲ, ಅವರು ಸೈಕಲ್, ವ್ಯಾನ್ ಹತ್ತಿ ಹೋಗಿಬಿಡುತ್ತಾರೆ. ಹೆಡ್‌ಮಾಸ್ಟರ್‌ಗೆ ಮೊದಲೇ ಹೇಳಿ, ಗೇಟಿನ ಹೊರಗೇ ನಿಲ್ಲಿ.

ಗೇಟಿನ ಹಾಳೆ ಗುಲಾಬಿ, ಪೇಪರಿನದು ಹಳದಿ ಮಾಡಿಸಿ. ಟ್ರಯಲ್‌ಗೆ ಬರುವಾಗ ಹಾಳೆ ತರಲಿ. ಪೇಪರಿಗೆ 2,400 ಹೋಗಿ ನಾಲ್ಕು ಹಳದಿ ಅಡ್ಮಿಷನ್ ಆದರೆ ಒಂದಕ್ಕೆ 600 ಬಿತ್ತು, ಒಂದು ತಿಂಗಳ ಫೀ. ಒಂದೇ ಅಡ್ಮಿಷನ್ ಆದರೆ ಜೂನ್‌ನಲ್ಲಿ ಪೇಪರ್ ಕೈಬಿಡಿ.

ಪಿನ್ ಸರಿಮಾಡಿ:
ಇದಕ್ಕೆಲ್ಲ ಮೊದಲು ಗೂಗಲ್ ಮ್ಯಾಪ್, ಪುಕ್ಕಟೆ. ಬಿಸಿನೆಸ್ ಪ್ರೊಫೈಲ್‌ನಲ್ಲಿ (ಮ್ಯಾಪ್‌ನಲ್ಲಿ ನಿಮ್ಮ ಕ್ಲಾಸ್ ವಿವರ ಕಾಣುವ ಪುಟ) ಬೋರ್ಡ್ ಮೇಲಿರುವ ಹೆಸರನ್ನೇ ಹಾಕಿ. 'ರಾಯಚೂರಿನ ನಂಬರ್ ಒನ್ ಕರಾಟೆ' ಅಂತ ಹೆಸರಿಗೆ ಬಾಲ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು. ಪರಿಶೀಲನೆಗೆ ವಿಡಿಯೊ ಕೇಳಿದರೆ ಬೀದಿ, ಬೋರ್ಡ್, ಬೀಗ ತೆಗೆಯೋದು, ಒಳಗಿನ ಮ್ಯಾಟ್, ಎಲ್ಲ ಕಟ್ ಇಲ್ಲದೆ ಒಂದೇ ಓಟದಲ್ಲಿ ತೆಗೆಯಿರಿ. ರಿವ್ಯೂ ಬರೆದರೆ ಫೀ ಕಡಿಮೆ ಅನ್ನಬೇಡಿ, ಗೂಗಲ್ ನಿಯಮಕ್ಕೆ ಅದು ವಿರುದ್ಧ. ಮಕ್ಕಳ ಫೋಟೊ ಹಾಕುವ ಮೊದಲು ಪೋಷಕರ ಸಹಿ ಇರಲಿ. ಅಡ್ಮಿಷನ್ ಫಾರಂನಲ್ಲೇ ಒಂದು ಸಾಲು ಸೇರಿಸಿದರೆ ಮುಗೀತು.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಅದಕ್ಕೇ ಟ್ರಯಲ್ ದಿನ ಎದುರಿಗೇ ಸೇವ್ ಮಾಡಿಸಿ. ಇನ್‌ಸ್ಟಾಗ್ರಾಂಗೆ ದುಡ್ಡು ಹಾಕುವುದಾದರೆ ದಿನಕ್ಕೆ 100ರಂತೆ ಒಂದು ವಾರ, ಹಾಲ್ ಮೇಲೆ ಪಿನ್ ಇಟ್ಟು ಇರೋದ್ರಲ್ಲಿ ಚಿಕ್ಕ ಸುತ್ತಳತೆ ಆರಿಸಿ. ಸುತ್ತಳತೆ ಆರಿಸದೆ ಹಾಗೇ ಬಿಟ್ಟರೆ ಬೆಂಗಳೂರಿನವರು ಲೈಕ್ ಒತ್ತುತ್ತಾರೆ.

ಸಂಜೆ 6ಕ್ಕೆ ನೀವು ಕ್ಲಾಸ್‌ನಲ್ಲಿ, ವಿಚಾರಿಸೋರೂ ಹೆಚ್ಚಾಗಿ ಆಗಲೇ ಫೋನ್ ಮಾಡೋದು. ಎತ್ತಲು ಒಬ್ಬರನ್ನು ಕೂರಿಸದೆ ಪ್ರಚಾರ ಶುರು ಮಾಡಬೇಡಿ.

ಬಿಳಿಬೆಲ್ಟ್:
'ಮೊದಲ ತಿಂಗಳು ಉಚಿತ' ಅಂತ ಹಾಕಬಹುದಾ? ಹೆಂಚು ಒಡೆಯೋ ಪ್ರದರ್ಶನ?

ಸಂಜೆ ಬ್ಯಾಚ್:
ತಿಂಗಳು ಉಚಿತ ಬೇಡ. ಎರಡನೇ ತಿಂಗಳು ಫೀ, ಡ್ರೆಸ್, ಬೆಲ್ಟ್ ಖರ್ಚು ಒಟ್ಟಿಗೆ ಎದುರಾಗುತ್ತದೆ, ಆಗ ನಿಲ್ಲಿಸುತ್ತಾರೆ. ಎರಡು ಟ್ರಯಲ್ ಕ್ಲಾಸ್ ಸಾಕು, ಒಂದು ಸಲಕ್ಕೆ ಹತ್ತೇ ಮಕ್ಕಳು, ಏಪ್ರಿಲ್‌ನಲ್ಲಾದರೆ ಬೆಳಿಗ್ಗೆ 6ರಿಂದ 7; 8 ದಾಟಿದರೆ ನಮ್ಮ ಬಿಸಿಲಿಗೆ ಯಾರೂ ಮಕ್ಕಳನ್ನು ಹೊರಗೆ ಕಳಿಸೋದಿಲ್ಲ. ಡ್ರೆಸ್ ಖರ್ಚು ಆವತ್ತೇ ಹೇಳಿ. ಒಂದೇ ಮನೆಯ ಎರಡನೇ ಮಗುವಿಗೆ ಅರ್ಧ ಫೀ ಇಡಿ. ಈಗಿರುವ 18 ಪೋಷಕರಿಗೂ ಎರಡೆರಡು ಹಾಳೆ ಕೊಡಿ, ಅವರಿಂದ ಒಂದು ಮಗು ಸೇರಿದರೆ ಅವರ ಮಗುವಿನ ಮುಂದಿನ ಬೆಲ್ಟ್ ಟೆಸ್ಟ್ ಫೀ ಮಾಫಿ.

ಹೆಂಚು ಒಡೆದರೆ ಚಪ್ಪಾಳೆ ಬೀಳುತ್ತದೆ, ತಾಯಂದಿರು ಹಿಂಜರಿಯುತ್ತಾರೆ. ಅದರ ಬದಲು ಎಂಟು ನಿಮಿಷ: ಬಿಳಿ, ಹಳದಿ ಬೆಲ್ಟಿನ ಸಣ್ಣವರಿಂದ ಒಂದು ಕಾತಾ (ಕ್ರಮವಾಗಿ ಮಾಡುವ ಕರಾಟೆ ಭಂಗಿಗಳ ಸರಣಿ), ಆಮೇಲೆ ಕೈ ಹಿಡಿದವರಿಂದ ಬಿಡಿಸಿಕೊಳ್ಳುವ ಎರಡು ವಿಧಾನ. ನೋಡುವವರಲ್ಲಿ ಒಬ್ಬರನ್ನೇ ಕರೆದು ಮಾಡಿಸಿ. ಹಾಳೆಯ ಮೇಲೆ 'ಒಲಿಂಪಿಕ್ ಕ್ರೀಡೆ' ಅಂತ ಬರೆಸಬೇಡಿ. ಕರಾಟೆ ಇದ್ದದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. 'ಸರ್ಕಾರಿ ನೌಕರಿಗೆ ಗ್ಯಾರಂಟಿ' ಅನ್ನೋದಂತೂ ಬೇಡವೇ ಬೇಡ, ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ.

ಗಂಜ್ ಕಡೆಯವ:
ಜೂನ್‌ದಾಗ ಕಾರಹುಣ್ಣಿಮಿ, ಮುಂಗಾರು ಹಬ್ಬ ಬರ್ತದ, ಜನ ಕೂಡ್ತಾರ ಅಂತ ಉಳಿದ 500 ಹಾಳಿ ಅಲ್ಲಿ ಹಂಚಬ್ಯಾಡ್ರಿ. ಅವರು ಎತ್ತು ಕಲ್ಲು ಎಳೆಯೋದು ನೋಡಾಕ ಬಂದಿರ್ತಾರ, ಹಾಳಿ ಮ್ಯಾಲೆ ಕಡಲಿ ತಿಂತಾರ. ಸಾಲಿ ಶುರುವಾದ ಮ್ಯಾಲೆ ಮೊದಲನೇ ಪೋಷಕರ ಸಭೆ ಯಾವತ್ತು ಅಂತ ಕೇಳಿಟ್ಟುಕೊಂಡು ಆವತ್ತು ಗೇಟ್ ಮುಂದ ನಿಲ್ರಿ.