ಗಂಟು ನೋಯದಿದ್ದರೆ ಕ್ಯಾನ್ಸರ್ ಅಲ್ಲ ಅಂತಲೇ?

ಪ್ರಶ್ನೆ (ಸಕಲೇಶಪುರ):
58 ವರ್ಷದವರ ಭುಜದ ಹಿಂದೆ ನಿಂಬೆಹಣ್ಣಿನಷ್ಟು ಗಂಟು. ಮೆತ್ತಗಿದೆ, ನೋವಿಲ್ಲ. ಕಾಫಿ ಕೊಯ್ಲು ಮುಗಿಯುವವರೆಗೆ ಸುಮ್ಮನಿರಬಹುದೇ?

ಉತ್ತರ 1:
ನೋವಿನ ಲೆಕ್ಕ ಬಿಡಿ. ಕ್ಯಾನ್ಸರ್ ಗಡ್ಡೆ ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಕೊಬ್ಬಿನ ಗಡ್ಡೆಯಾದರೆ ಸಾಮಾನ್ಯವಾಗಿ ಚರ್ಮದಡಿ ಪುಸಕ್ಕನೆ ಜಾರುತ್ತದೆ. ಅದು ತನ್ನದೇ ತೆಳು ಪೊರೆಯೊಳಗೆ ನಿಧಾನ ಬೆಳೆಯುತ್ತದೆ, ಪಕ್ಕದ ಮಾಂಸವನ್ನು ಬರೀ ತಳ್ಳುತ್ತದೆ. ಕ್ಯಾನ್ಸರ್ ಹಾಗಲ್ಲ, ಪಕ್ಕದ ಮಾಂಸದೊಳಕ್ಕೇ ಬೇರು ಬಿಡುತ್ತದೆ. ರಕ್ತದಲ್ಲಿ, ದುಗ್ಧರಸದ (ಲಿಂಫ್) ನಾಳದಲ್ಲಿ ಸಾಗಿ ಬೇರೆ ಅಂಗ ಸೇರುತ್ತದೆ. ಹಾಗೆ ಬೇರು ಬಿಡುವುದರಿಂದಲೇ ಅದು ಗಟ್ಟಿಯಾಗಿ ಅಲುಗದೆ ಕೂರುವುದು. ಗಂಟು 5 ಸೆಂ.ಮೀ. ದಾಟಿದ್ದರೆ, ಬೇಗ ದೊಡ್ಡದಾಗುತ್ತಿದ್ದರೆ, ಸ್ನಾಯುವಿನ ಆಳದಲ್ಲಿದ್ದರೆ ಕೊಯ್ಲಿಗೆ ಕಾಯಬೇಡಿ, ಈ ವಾರವೇ ಸ್ಕ್ಯಾನ್ ಮಾಡಿಸಿ.

ಉತ್ತರ 2:
ಮುಟ್ಟಿ ನೋಡುವುದು ಅಂದಾಜು ಮಾತ್ರ. ಖಚಿತವಾಗುವುದು ಸೂಜಿ ಪರೀಕ್ಷೆ ಅಥವಾ ಬಯಾಪ್ಸಿಯಿಂದ (ಚೂರು ತೆಗೆದು ಪರೀಕ್ಷಿಸುವುದು). ಇನ್ನೊಂದು ಮಾತು: ಕ್ಯಾನ್ಸರ್ ಅಲ್ಲದ್ದೆಲ್ಲ ನಿರಪಾಯವಲ್ಲ. ತಲೆಬುರುಡೆಯೊಳಗಿನ ಸಾಧು ಗಡ್ಡೆಯೂ ಮಿದುಳನ್ನು ಒತ್ತುತ್ತದೆ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟುಗಳಾದ ಕೆಲವು ಪಾಲಿಪ್‌ಗಳು ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತವೆ.

ಪ್ರಶ್ನೆ ಕೇಳಿದವರು:
ಹತ್ತಿರದ ಕ್ಲಿನಿಕ್‌ನಲ್ಲೇ ತೆಗೆಸಿಬಿಟ್ಟರೆ?

ಉತ್ತರ 1:
ಚಿಕ್ಕದು, ಚರ್ಮದಡಿಯದು ಅಂತ ಸರ್ಜನ್ ಹೇಳಿದರೆ ಸರಿ. ಆದರೆ ತೆಗೆದದ್ದನ್ನು ದಯವಿಟ್ಟು ಕಸಕ್ಕೆ ಹಾಕಲು ಬಿಡಬೇಡಿ. ಅಗಲ ಬಾಯಿಯ ಡಬ್ಬಿಯಲ್ಲಿ, ಗಡ್ಡೆಯ ಹತ್ತು ಪಟ್ಟು 10% ಫಾರ್ಮಾಲಿನ್ (ಕೊಳೆಯದಂತೆ ಕಾಪಾಡುವ ದ್ರಾವಣ) ಹಾಕಿ, ಹೆಸರು ಬರೆದು ಪೆಥಾಲಜಿಗೆ (ಅಂಗಾಂಶ ಪರೀಕ್ಷಿಸುವ ಲ್ಯಾಬಿಗೆ) ಕಳಿಸಬೇಕು. ಸಲೈನ್‌ನಲ್ಲಿ ಇಟ್ಟರೆ ಜೀವಕೋಶ ಕೊಳೆತು ರಿಪೋರ್ಟ್ ಸರಿಯಾಗಿ ಬರದೇ ಹೋಗಬಹುದು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಪೆಥಾಲಜಿ ವಿಭಾಗವಿದೆ, ಅಲ್ಲಿ ವಿಚಾರಿಸಿ.