ಸರಕಾರಿ ಕಟ್ಟಡದಲ್ಲಿ ಸುರಂಗಗಳ ಛಾಯಾಚಿತ್ರ ಪ್ರದರ್ಶನ: ಸಭಾಂಗಣವೋ, ವರಾಂಡವೋ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಪೈವಳಿಕೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗಗಳನ್ನೂ ಅವನ್ನು ಕೊರೆದ ಹಿರಿಯರನ್ನೂ ಕೆಲವು ವರ್ಷಗಳಿಂದ ಕ್ಯಾಮೆರಾದಲ್ಲಿ ಹಿಡಿಯುತ್ತ ಬಂದಿದ್ದೇನೆ. ಬಾಯಾರು, ಎಣ್ಮಕಜೆ ಕಡೆಯ ಮನೆಗಳಿಂದ ಹಳೆಯ ಸ್ಟುಡಿಯೋ ಫೋಟೋಗಳೂ ಸಿಕ್ಕಿವೆ. ಗ್ರಂಥಾಲಯದ ಗೆಳೆಯರೊಂದಿಗೆ ಸೇರಿ ಹತ್ತಿರದ ಸರಕಾರಿ ಕಚೇರಿ ಕಟ್ಟಡದಲ್ಲಿ ಒಂದು ವಾರದ ಪ್ರದರ್ಶನ ಇಡಬೇಕೆಂದಿದ್ದೇವೆ. ಎರಡನೇ ಮಹಡಿಯ ಸಭಾಂಗಣ ಸಿಗುತ್ತದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹಳೆಯ ಫೋಟೋಗಳನ್ನು ತೋರಿಸಲು ಸ್ಟುಡಿಯೋದವರ ಅನುಮತಿ ಬೇಕೇ? ಅಡಿಬರಹ ಯಾವ ಭಾಷೆಯಲ್ಲಿರಬೇಕು? ಇಂತಹ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಬದಿಯಡ್ಕ, ನಿವೃತ್ತ ಚಿತ್ರಕಲಾ ಅಧ್ಯಾಪಕ)

ತಮ್ಮಾ, ಸಭಾಂಗಣ ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಎರಡನೇ ಮಹಡಿಗೆ ಹತ್ತಿ ಬರುವವರು ಯಾರು? ಉದ್ಘಾಟನೆಯ ದಿನ ಅಧ್ಯಕ್ಷರು, ಅತಿಥಿಗಳು, ನಿಮ್ಮ ಗೆಳೆಯರು. ಮರುದಿನದಿಂದ ಬಾಗಿಲು ತೆರೆದಿಟ್ಟುಕೊಂಡು ನೀವೇ ಕುಳಿತಿರಬೇಕಾಗುತ್ತದೆ. ಕೆಳಗಿನ ವರಾಂಡದಲ್ಲಿಯೋ ಬೆಳಗ್ಗೆಯಿಂದ ಜನ. ಭೂಕಂದಾಯ ಕಟ್ಟಲು ಬಂದವರು, ಜಾತಿ ಪ್ರಮಾಣಪತ್ರಕ್ಕೆ ಬಂದ ಮಕ್ಕಳು, ಪಿಂಚಣಿಯ ಕಾಗದ ಹಿಡಿದು ಬೆಂಚಿನಲ್ಲಿ ಕುಳಿತ ಅಜ್ಜಿಯರು. ಅವರಲ್ಲಿ ಎಷ್ಟೋ ಮಂದಿ ಸುರಂಗದ ನೀರು ಕುಡಿದು ಬೆಳೆದವರು. ಅವರು ಗ್ಯಾಲರಿಗೆ ಹೋಗುವುದಿಲ್ಲ, ಹೋಗಲು ಪುರುಸೊತ್ತೂ ಇಲ್ಲ. ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಕಾಞಂಗಾಡಿನಲ್ಲಿದೆ, ಒಳ್ಳೆಯ ಜಾಗ. ಆದರೆ ಮಂಜೇಶ್ವರದ ಗುಡ್ಡದ ಮನೆಯವರಿಗೆ ಅದು ಒಂದು ದಿನದ ಪ್ರಯಾಣ. ಸರಕಾರಿ ಕಟ್ಟಡಕ್ಕೆ ಅವರು ಹೇಗೂ ಬರುತ್ತಾರೆ, ಬಂದು ಕಾಯುತ್ತಾರೆ. ಆ ಕಾಯುವ ಹೊತ್ತೇ ನಿಮ್ಮ ಪ್ರದರ್ಶನದ ಹೊತ್ತು.

ಕಾಸರಗೋಡಿನ ಜಿಲ್ಲಾ ಪಂಚಾಯತ್ ಆವರಣದಲ್ಲಿ ಕಾನಾಯಿ ಕುಂಞಿರಾಮನ್ ಅವರ ತಾಯಿ ಮತ್ತು ಮಗುವಿನ ಶಿಲ್ಪ ಇದೆಯಲ್ಲ, ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ನೋವನ್ನು ಹೊತ್ತದ್ದು. ಕೆಲಸ ಎಷ್ಟೋ ವರ್ಷ ಅರ್ಧಕ್ಕೆ ನಿಂತಿತ್ತು. ಈಗ ಯಾವುದೋ ಅರ್ಜಿಗೆಂದು ಬಂದವರು ಅದರ ಮುಂದೆ ನಿಲ್ಲುವುದನ್ನು ನೋಡಿದ್ದೇನೆ. ಟಿಕೆಟ್ ಇಲ್ಲ, ಆಮಂತ್ರಣ ಪತ್ರಿಕೆ ಇಲ್ಲ. ಹೀಗೆ ನೋಡುವ ಅವಕಾಶ ನಮ್ಮವರಿಗೆ ಸಿಗಬೇಕು.

ಇನ್ನು ಕೆಲಸದ ವಿಷಯ. ಮೊಳೆ ಬೇಡ ಎಂದದ್ದು ಒಳ್ಳೆಯದೇ ಆಯಿತು, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯಾದರೆ ಗಾರೆ ಉದುರಿ ಮೊಳೆ ನಿಲ್ಲುವುದೂ ಇಲ್ಲ. ವರಾಂಡದ ಕಂಬದಿಂದ ಕಂಬಕ್ಕೆ ಕಬ್ಬಿಣದ ಪೈಪು ಕಟ್ಟಿ, ಗಾಳದ ತಂಗೂಸು ದಾರದಿಂದ ಚಿತ್ರಗಳನ್ನು ಇಳಿಬಿಡಿ. ಒಂದೊಂದು ಚಿತ್ರಕ್ಕೂ ಎರಡೆರಡು ದಾರ, ಕೆಳಗಿನಿಂದಲೂ ಕಟ್ಟಬೇಕು, ಇಲ್ಲವಾದರೆ ಗಾಳಿಗೆ ತಿರುಗುತ್ತಲೇ ಇರುತ್ತದೆ. ಫ್ಲೆಕ್ಸ್‌ನಲ್ಲಿ ಮುದ್ರಿಸಬೇಡಿ. ಸುರಂಗದ ಚಿತ್ರದ ಜೀವವೆಲ್ಲ ಕತ್ತಲೆಯಲ್ಲಿದೆ. ಮೇಣದಬತ್ತಿಯ ಬೆಳಕು ಕೆಂಪು ಗೋಡೆಯ ಮೇಲೆ ಬಿದ್ದು ಮೆಲ್ಲನೆ ಕಪ್ಪಾಗುವ ಆ ಭಾಗ ಫ್ಲೆಕ್ಸ್‌ನಲ್ಲಿ ಬರಿಯ ಮಸಿಯಾಗುತ್ತದೆ. ಹೊಳಪಿಲ್ಲದ ಕಾಗದದಲ್ಲಿ ಮುದ್ರಿಸಿ ಸನ್‌ಬೋರ್ಡ್ ಎಂಬ ಹಗುರ ಹಲಗೆಗೆ ಅಂಟಿಸಿ. ಗಾಜು ಹಾಕಿದರೆ ಹೊರಗಿನ ಬಿಸಿಲೇ ಕಾಣುತ್ತದೆ, ಚಿತ್ರ ಕಾಣುವುದಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿರಲಿ. ಬೆಂಚಿನ ಎದುರಿಗೆ ಬರುವವನ್ನು ಇನ್ನೂ ತಗ್ಗಿಸಿ, ಕುಳಿತವರಿಗೂ ಕಾಣಬೇಕು. ಮಳೆಗಾಲದಲ್ಲಿ ಮಾತ್ರ ಬೇಡ, ವರಾಂಡದ ಇರಚಲಿಗೆ ಕಾಗದ ಉಬ್ಬಿ ಬಿಡುತ್ತದೆ. ಡಿಸೆಂಬರ್ ನಂತರ ಇಡಿ.

ಅಡಿಬರಹ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ಒಂದೇ ಗಾತ್ರದ ಅಕ್ಷರದಲ್ಲಿ. ಕವಿತೆ ಬರೆಯಬೇಡಿ. ಎಲ್ಲಿಯ ಸುರಂಗ, ಯಾರು ಕೊರೆದರು, ಕೋಲಿನ ಅಳತೆಯಲ್ಲಿ ಎಷ್ಟು ಉದ್ದ, ಈಗ ನೀರು ಇದೆಯೇ. ಮೇಣದಬತ್ತಿ ನಂದಿದರೆ ಕೊರೆಯುವವರು ಹೊರಗೆ ಬರುತ್ತಿದ್ದರು, ಉಸಿರಾಡುವ ಗಾಳಿ ಸಾಲುತ್ತಿಲ್ಲ ಎಂದು ಅದರಿಂದ ತಿಳಿಯುತ್ತಿದ್ದರು. ಪಂಪು ಇಲ್ಲದೆ ನೀರು ತಾನಾಗಿ ಅಂಗಳದ ಕೆರೆಗೆ ಹರಿದು ಬರುತ್ತಿತ್ತು. ಇಂತಹ ವಿಷಯಗಳನ್ನು ಬರೆಯಿರಿ. ಕೊಳವೆಬಾವಿಯ ಕಾಲದಲ್ಲಿ ಹುಟ್ಟಿದ ಮಕ್ಕಳು ಇದನ್ನು ಓದಲೇಬೇಕು.

ಉತ್ತರ 2 (ಕುಂಬಳೆ, ಕಂದಾಯ ಇಲಾಖೆಯ ಉದ್ಯೋಗಿ)

ಮಾಸ್ತರರು ಹೇಳಿದ್ದು ಸರಿ. ಆದರೆ ಕಚೇರಿಯ ಒಳಗಿನಿಂದ ನೋಡಿದ ಒಂದೆರಡು ಮಾತು. ಅರ್ಜಿ ಕನ್ನಡದಲ್ಲೇ ಕೊಡಿ, ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಆ ಹಕ್ಕು ನಮಗಿದೆ. ಎಷ್ಟು ಚಿತ್ರ, ಯಾವ ಕಂಬದಿಂದ ಯಾವ ಕಂಬಕ್ಕೆ ಎಂದು ಒಂದು ನಕ್ಷೆ ಬರೆದು ಲಗತ್ತಿಸಿ. ನಕ್ಷೆ ಇದ್ದರೆ ಮೇಲಧಿಕಾರಿಗಳಿಗೆ ಒಪ್ಪಿಗೆ ಕೊಡಲು ಧೈರ್ಯ ಬರುತ್ತದೆ. ಗಾಲಿಕುರ್ಚಿಯ ಇಳಿಜಾರು, ಮೆಟ್ಟಿಲ ಬುಡ, ಕೌಂಟರಿನ ಸರತಿ, ಈ ಮೂರಕ್ಕೂ ಅಡ್ಡ ಬರಬಾರದು. ಎರಡನೇ ಶನಿವಾರ ಮತ್ತು ಭಾನುವಾರ ಕಟ್ಟಡಕ್ಕೆ ಬೀಗ, ಆ ದಿನಗಳನ್ನು ಲೆಕ್ಕದಿಂದ ಬಿಡಿ.

ಉತ್ತರ 3 (ಕಾಸರಗೋಡು, ವಕೀಲೆ)

ಸ್ಟುಡಿಯೋ ಫೋಟೋಗಳ ಬಗ್ಗೆ: 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸ್ಟುಡಿಯೋದ ಹೆಸರು ಹಿಂಬದಿಯಲ್ಲಿದ್ದರೆ ಅದನ್ನೂ ಅಡಿಬರಹದಲ್ಲಿ ಹಾಕಿ, ಅದು ಗೌರವ.

ಉತ್ತರ 4 (ಎಣ್ಮಕಜೆ, ಶಾಲಾ ಶಿಕ್ಷಕಿ)

ಕಾಗದದ ಒಪ್ಪಿಗೆಯೊಂದೇ ಸಾಲದು ಎಂದು ನನಗನಿಸುತ್ತದೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರು ನಮ್ಮದು. ಮಲಯಾಳದ ಮಾತೃಭೂಮಿ ಪತ್ರಿಕೆಯ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ನಮ್ಮ ಮಕ್ಕಳ ಸ್ಥಿತಿಯನ್ನು ಲೋಕಕ್ಕೆ ಮುಟ್ಟಿಸಿದವು, ಅದರ ಋಣ ದೊಡ್ಡದು. ಆಮೇಲೆ ಕ್ಯಾಮೆರಾ ಹಿಡಿದು ಬಂದವರೆಲ್ಲ ಹಾಗಿರಲಿಲ್ಲ. ಚಿತ್ರ ತೆಗೆದರು, ಹೋದರು, ಅದು ಎಲ್ಲಿ ತೂಗಿತು ಎಂಬುದು ತಾಯಂದಿರಿಗೆ ಇಂದಿಗೂ ತಿಳಿಯದು. ಸುರಂಗ ಕೊರೆದ ಅಜ್ಜಂದಿರಿಗೆ ಹಾಗಾಗಬಾರದು. ಮುದ್ರಿಸಿದ ಚಿತ್ರವನ್ನು ಮೊದಲು ಅವರ ಮನೆಗೆ ಒಯ್ದು ತೋರಿಸಿ. ಬೇಡ ಎಂದದ್ದನ್ನು ತೆಗೆದಿಡಿ.

ಪ್ರಶ್ನೆ ಕೇಳಿದವರು

ಮಾಸ್ತರರಿಗೆ, ಟೀಚರಿಗೆ, ಎಲ್ಲರಿಗೂ ತುಂಬ ಧನ್ಯವಾದ. ವರಾಂಡಕ್ಕೇ ಅರ್ಜಿ ಬರೆಯುತ್ತೇವೆ, ಮನೆಗಳಿಗೂ ಹೋಗುತ್ತೇವೆ. ಮಾಸ್ತರರೇ, ಒಂದೇ ಸಂಶಯ: ವರಾಂಡ ಪಡುವಣಕ್ಕೆ ತೆರೆದಿದೆ. ಮಧ್ಯಾಹ್ನದ ಮೇಲೆ ನೇರ ಬಿಸಿಲು.

ಉತ್ತರ 1 ಬರೆದವರು

ಹಾಗಾದರೆ ಹಳೆಯ ಫೋಟೋಗಳ ಮೂಲ ಪ್ರತಿಗಳನ್ನು ಅಲ್ಲಿಗೆ ತರಲೇಬೇಡಿ, ಸ್ಕ್ಯಾನ್ ಮಾಡಿ ಮುದ್ರಿಸಿದ್ದು ಸಾಕು. ಪೈಪನ್ನು ಒಳಗೋಡೆಯ ಕಡೆಗೆ ಕಟ್ಟಿ, ಹೊರಬದಿಗೆ ತೆಂಗಿನ ಮಡಲಿನ ತಟ್ಟಿ ಇಳಿಬಿಡಿ. ಪೈಪು ಕಟ್ಟುವ ದಿನ ತಿಳಿಸಿ, ಎತ್ತರ ಅಳೆಯಲು ನಾನೂ ಬರುತ್ತೇನೆ.