ಸೀಡ್ ಸ್ಟಿಚ್ ಹಾಕಿದರೂ ರಿಬ್ ಥರ ಗೆರೆ ಬರ್ತಿದೆ (ದಪ್ಪ ಉಲ್ಲನ್ ಟೋಪಿ)

ಗುಂಡುಕಲ್ಲು, ಚಿತ್ರದುರ್ಗ
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಬೆಳಗಿನ ಜಾವ ಜೋಗಿಮಟ್ಟಿ ಕಡೆ ವಾಕಿಂಗ್ ಹೋಗುತ್ತಾರೆ. ಡಿಸೆಂಬರ್ ಗಾಳಿ ಗೊತ್ತಲ್ಲ, ಅದಕ್ಕೆ ಒಂದು ದಪ್ಪ ಟೋಪಿ ಹೆಣೆಯುತ್ತಿದ್ದೇನೆ. ಕೋಟೆಯ ಬಂಡೆ ಮುಟ್ಟಿದರೆ ತರಿತರಿಯಾಗಿ ಕೈಗೆ ಹತ್ತುತ್ತಲ್ಲ, ಟೋಪಿಯ ಮೈಯೂ ಹಾಗೇ ಸೀಡ್ ಸ್ಟಿಚ್‌ನಲ್ಲಿ (ಕಾಳು ಕಾಳಾಗಿ ಉಬ್ಬುವ ಹೆಣಿಗೆ) ಬರಲಿ, ಅಲ್ಲಲ್ಲಿ ಗುಂಡುಕಲ್ಲಿನ ಹಾಗೆ ಬಾಬಲ್ (ಉಬ್ಬಿದ ಗುಂಡು) ಇರಲಿ ಅಂತ ಆಸೆ.

ದಪ್ಪ ಉಲ್ಲನ್ ಸಿಗಲಿಲ್ಲ. ಮಾಮೂಲಿ ಅಕ್ರಿಲಿಕ್ ಉಲ್ಲನ್ನೇ ಮೂರು ಎಳೆ ಸೇರಿಸಿದ್ದೇನೆ: ಕಪ್ಪು, ಬೂದು, ಬಿಳಿ ಒಂದೊಂದು. 8 ಎಂಎಂ ಸರ್ಕ್ಯುಲರ್ ಕಡ್ಡಿ (ಸುತ್ತಲೂ ಹೆಣೆಯೋದು), ಉದ್ದ 40 ಸೆಂ.ಮೀ. ಹಾಕಿದ್ದು 60 ಸ್ಟಿಚ್. ಬಾರ್ಡರ್ ಆದ ಮೇಲೆ ಪ್ರತಿ ಸುತ್ತೂ ಒಂದು ನಿಟ್ (ಸೀದಾ), ಒಂದು ಪರ್ಲ್ (ಉಲ್ಟಾ).

ಕಾಳು ಕಾಳಾಗಿ ಬರಬೇಕಿದ್ದ ಕಡೆ ಉದ್ದುದ್ದ ಗೆರೆ ಬಂದಿದೆ. ಫೋಟೋ ಹಾಕಿದ್ದೇನೆ, ನೋಡಿ. ತಲೆಗೂ ಬಿಗಿ. ಸುತ್ತಳತೆ 56 ಸೆಂ.ಮೀ. ಇನ್ನೊಂದಿಷ್ಟು ಸ್ಟಿಚ್ ಹೆಚ್ಚಿಸಲಾ? ಇಲ್ಲ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹೊಡೆದರೆ ಹರಡಿಕೊಳ್ಳುತ್ತಾ?

ಮೂರೆಳೆ, ದಾವಣಗೆರೆ
ಮೊದಲು ಇಸ್ತ್ರಿ ಪೆಟ್ಟಿಗೆ ಕೆಳಗಿಡಿ ತಂಗಿ! ಹರಡಿಕೊಳ್ಳುತ್ತೆ ನಿಜ. ಆದರೆ ಅಕ್ರಿಲಿಕ್‌ಗೆ ಜಾಸ್ತಿ ಬಿಸಿ ತಾಗಿದರೆ ಮೈ ಜೋತುಬಿದ್ದು ಹೊಳಪಾಗುತ್ತೆ, ತರಿಯೆಲ್ಲ ಮಟ್ಟಸವಾಗುತ್ತೆ. ಆಮೇಲೆ ಏನು ಮಾಡಿದರೂ ವಾಪಸ್ ಬರಲ್ಲ.

ಗೆರೆಯ ಕಾರಣ ನಿಮ್ಮ 60. ಅದು ಸರಿಸಂಖ್ಯೆ. ಸುತ್ತು ಮುಗಿದು ಮತ್ತೆ ನಿಟ್‌ನಿಂದ ಶುರು ಮಾಡಿದರೆ ನಿಟ್ ಮೇಲೆ ನಿಟ್, ಪರ್ಲ್ ಮೇಲೆ ಪರ್ಲ್ ಕೂರುತ್ತೆ. ಅದೇ ರಿಬ್. ಸೀಡ್ ಸ್ಟಿಚ್‌ನಲ್ಲಿ ಉಲ್ಟಾ ಆಗಬೇಕು. ಕೆಳಗಿನ ಸ್ಟಿಚ್ ನೋಡಿ: ಕಡ್ಡಿಯ ಬುಡದಲ್ಲಿ ಅಡ್ಡಕ್ಕೆ ಸಣ್ಣ ಗಂಟಿನಂತೆ ಉಬ್ಬಿದ್ದರೆ ಅದು ಪರ್ಲ್, ಅದರ ಮೇಲೆ ನಿಟ್ ಹಾಕಿ. ಜಡೆಯ ಹೆಣಿಗೆಯಂತೆ ನುಣ್ಣಗಿದ್ದರೆ ನಿಟ್, ಅದರ ಮೇಲೆ ಪರ್ಲ್.

ಬೆಸಸಂಖ್ಯೆ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ. ಒಂದು ನಿಟ್ ಒಂದು ಪರ್ಲ್ ಅಂತ ನಿಲ್ಲಿಸದೆ ಹೋಗ್ತಾ ಇರಿ, ಸುತ್ತು ದಾಟಿದ ಕೂಡಲೇ ತಾನಾಗಿಯೇ ಅದಲುಬದಲಾಗುತ್ತೆ.

ಸ್ಟಿಚ್ ಮಾತ್ರ ಹೆಚ್ಚಿಸಬೇಡಿ. ಈಗ ಬಿಗಿ ಅನ್ನಿಸೋದು ರಿಬ್ ಆಗಿರೋದರಿಂದ. ರಿಬ್ ಒಳಕ್ಕೆ ಎಳೆದುಕೊಳ್ಳುತ್ತೆ, ಸೀಡ್ ಸ್ಟಿಚ್ ಅಗಲಕ್ಕೆ ಹರಡುತ್ತೆ. ಬಿಚ್ಚಿ ಸರಿಯಾಗಿ ಹಾಕಿದರೆ ಅದೇ 60 ಸ್ಟಿಚ್ ಮಾವನವರ ಕಣ್ಣ ಮೇಲೆ ಬಂದು ಕೂರುತ್ತೆ. ಸ್ಯಾಂಪಲ್ ಹಾಕಿ ನೋಡಿದ್ದೀರಾ? 10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಬಂತು?

ಗುಂಡುಕಲ್ಲು, ಚಿತ್ರದುರ್ಗ
ಬರೀ ನಿಟ್‌ನಲ್ಲಿ ಹಾಕಿದ ಸ್ಯಾಂಪಲ್‌ನಲ್ಲಿ 11 ಬಂದಿತ್ತು ಅಕ್ಕ, ಅದನ್ನೇ ಲೆಕ್ಕ ಹಿಡಿದು 60 ಹಾಕಿದ್ದೆ. ಈಗ ಸೀಡ್‌ನಲ್ಲಿ ಸಣ್ಣ ತುಂಡು ಹೆಣೆದು ಅಳೆದೆ, 10 ಬಂತು.

ಕರಿಕಂಬಳಿ, ಚಳ್ಳಕೆರೆ
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಬಂಡೆ ಥರ ತರಿ ಬೇಕಂದ್ರೆ ಅಕ್ರಿಲಿಕ್ ಯಾಕೆ? ನಮ್ಮ ಕಡೆ ಕಂಬಳಿ ನೇಯೋರ ಹತ್ರ ಕುರಿ ಉಣ್ಣೆ ನೂಲು ಕೇಳಿ ನೋಡಿ. ಬಣ್ಣ ಹಾಕದೇನೇ ಕಪ್ಪು, ಕಂದು ಇರುತ್ತೆ.

ಮೂರೆಳೆ, ದಾವಣಗೆರೆ
ನೂಲು ಚಂದ, ಒಪ್ಪಿದೆ. ಆದರೆ ಕಂಬಳಿ ಉಣ್ಣೆ ಒರಟು ಸ್ವಾಮಿ, ಹಣೆಗೆ ಚುಚ್ಚುತ್ತೆ. ಒಳಗೆ ಹತ್ತಿ ಬಟ್ಟೆಯ ಪಟ್ಟಿ ಹೊಲಿದರೆ ಸರಿಹೋಗುತ್ತೆ. ಇಲ್ಲದಿದ್ದರೆ ಟೋಪಿ ಮಾವನವರ ತಲೆ ಮೇಲಲ್ಲ, ಜೇಬಲ್ಲಿರುತ್ತೆ.

ತಂಗಿ, ನಿಮ್ಮ ಲೆಕ್ಕ ಈಗ ಸುಲಭ. ಟೋಪಿ ತಲೆಗಿಂತ ಸುಮಾರು 5 ಸೆಂ.ಮೀ. ಚಿಕ್ಕದಿದ್ದರೆ ಹಿಡಿದು ಕೂರುತ್ತೆ. 56ರಲ್ಲಿ 5 ಕಳೆದರೆ 51. 10 ಸೆಂ.ಮೀ.ಗೆ 10 ಸ್ಟಿಚ್ ಅಂದರೆ 51 ಸ್ಟಿಚ್. ನೋಡಿ, ಬೆಸಸಂಖ್ಯೆಯೇ ಬಂತು! ಬಾರ್ಡರ್‌ನ ರಿಬ್‌ಗೆ ಮಾತ್ರ ಸರಿಸಂಖ್ಯೆ ಬೇಕು. ಹಾಗಾಗಿ 7 ಎಂಎಂ ಕಡ್ಡಿಯಲ್ಲಿ 50 ಹಾಕಿ, 5 ಸೆಂ.ಮೀ. ರಿಬ್ ಮಾಡಿ, 8 ಎಂಎಂಗೆ ಬದಲಿಸುವ ಸುತ್ತಿನಲ್ಲಿ ಒಂದು ಹೆಚ್ಚಿಸಿ.

ಇನ್ನೊಂದು ಮಾತು, ಇದು ನೀವು ಕೇಳಿಲ್ಲ. ಕಪ್ಪು, ಬೂದು, ಬಿಳಿ ಮೂರೂ ಸೇರಿದರೆ ಬಣ್ಣವೇನೋ ಥೇಟ್ ಬಂಡೆ. ಆದರೆ ಆ ಚುಕ್ಕೆಗಳಲ್ಲಿ ಕಾಳು ಕಾಣಿಸಲ್ಲ. ಸೀಡ್ ಸ್ಟಿಚ್ ಕಾಣೋದು ಉಬ್ಬಿನ ಪಕ್ಕದ ಸಣ್ಣ ನೆರಳಿನಿಂದ. ಎಳೆಯಲ್ಲೇ ಕಪ್ಪು ಬಿಳುಪು ಇದ್ದರೆ ಯಾವುದು ನೆರಳು, ಯಾವುದು ಬಣ್ಣ ಅಂತ ಗೊತ್ತಾಗಲ್ಲ. ಮೂರೂ ತಿಳಿ ಬೂದು ತಗೊಳ್ಳಿ. ಬಣ್ಣ ಅಥವಾ ತರಿ, ಎರಡರಲ್ಲಿ ಒಂದು ಆರಿಸಿ ಅಂದರೆ ನಾನು ತರಿ ಅಂತೀನಿ.

ಗುಂಡುಕಲ್ಲು, ಚಿತ್ರದುರ್ಗ
ತಿಳಿ ಬೂದಿನಲ್ಲಿ ಮತ್ತೆ ಶುರು ಮಾಡಿದೆ ಅಕ್ಕ. ಕಾಳು ಎಷ್ಟು ಚೆನ್ನಾಗಿ ಎದ್ದಿದೆ ಅಂದರೆ ಅತ್ತೆ ಬಂದು ಕೈಯಾಡಿಸಿ ಹೋದರು! ಆದರೆ ಬಾಬಲ್ ತೊಂದರೆ ಕೊಡ್ತಿದೆ. ಒಂದೇ ಸ್ಟಿಚ್‌ನಲ್ಲಿ ಐದು ಮಾಡಿದರೆ ನಿಂಬೆಹಣ್ಣಿನಷ್ಟು ದಪ್ಪ, ಮೇಲಾಗಿ ಒಳಕ್ಕೆ ಮುಳುಗುತ್ತೆ. ನೆತ್ತಿ ಹೇಗೆ ಮುಗಿಸೋದು ಅಂತಾನೂ ಹೇಳಿಬಿಡಿ.

ಮೂರೆಳೆ, ದಾವಣಗೆರೆ
ಐದು ಸಣ್ಣ ಉಲ್ಲನ್‌ಗೆ ಸರಿ. ದಪ್ಪ ಎಳೆಗೆ ಮೂರು ಸಾಕು: ಒಂದೇ ಸ್ಟಿಚ್‌ನಲ್ಲಿ ನಿಟ್, ಪರ್ಲ್, ನಿಟ್. ತಿರುಗಿಸಿ ಮೂರೂ ಪರ್ಲ್. ಮತ್ತೆ ತಿರುಗಿಸಿ ಮೂರನ್ನೂ ಸೇರಿಸಿ ಒಂದು ನಿಟ್. ಮುಂದಿನ ಸುತ್ತಿನಲ್ಲಿ ಆ ಸ್ಟಿಚ್ ಬಂದಾಗ ಅದರ ಹಿಂಬದಿಯ ಕುಣಿಕೆಯಲ್ಲಿ ಕಡ್ಡಿ ತೂರಿಸಿ ಹೆಣೆಯಿರಿ, ಬುಡ ಬಿಗಿಯಾಗುತ್ತೆ. ಆಮೇಲೆ ಒಳಗಿನಿಂದ ಬೆರಳಲ್ಲಿ ಹೊರಕ್ಕೆ ತಳ್ಳಿ. ಸಾಲಾಗಿ ಹಾಕಬೇಡಿ, ದುರ್ಗದಲ್ಲಿ ಯಾವ ಬಂಡೆ ಸಾಲಾಗಿ ನಿಂತಿದೆ? ಹಿಂಭಾಗದಲ್ಲಂತೂ ಬೇಡ, ಕುರ್ಚಿಗೆ ಒರಗಿದರೆ ಒತ್ತುತ್ತೆ.

ಬಾರ್ಡರ್ ಸೇರಿ 17 ಸೆಂ.ಮೀ. ಆದ ಮೇಲೆ ನೆತ್ತಿಗೆ ಬನ್ನಿ. ಇಲ್ಲಿಂದ ಸೀಡ್ ಬಿಟ್ಟು ಬರೀ ನಿಟ್. ಸೀಡ್‌ನಲ್ಲೇ ಕಡಿಮೆ ಮಾಡ್ತಾ ಹೋದರೆ ಕಾಳು ಕಲಸಿಹೋಗುತ್ತೆ. ಮೊದಲ ಸುತ್ತಿನಲ್ಲಿ ಒಂದು ಕಡಿಮೆ ಮಾಡಿ 50 ಮಾಡಿಕೊಳ್ಳಿ. ಮುಂದಿನ ಸುತ್ತು ಎಂಟು ನಿಟ್, ಎರಡು ಸೇರಿಸಿ ಒಂದು, ಸುತ್ತು ಪೂರ್ತಿ ಹೀಗೇ. ಅದರ ಮುಂದಿನದು ಏಳು ನಿಟ್, ಎರಡು ಸೇರಿಸಿ ಒಂದು. ಹೀಗೆ ಸುತ್ತಿಗೆ ಐದರಂತೆ ಇಳಿಯುತ್ತೆ. 40 ಸೆಂ.ಮೀ. ಕಡ್ಡಿಯಲ್ಲಿ ಸ್ಟಿಚ್ ಎಳೆದಾಡಲು ಶುರುವಾದಾಗ ಎರಡೂ ತುದಿ ಚೂಪಾದ ಐದು ಕಡ್ಡಿಯ ಸೆಟ್‌ಗೆ ವರ್ಗಾಯಿಸಿ. ಕಡ್ಡಿ ಬದಲಾಗುವ ಕಡೆ ಮೊದಲ ಎರಡು ಸ್ಟಿಚ್ ಸ್ವಲ್ಪ ಬಿಗಿಯಾಗಿ ಎಳೆಯಿರಿ, ಇಲ್ಲದಿದ್ದರೆ ಅಲ್ಲಿ ಏಣಿಯಂತೆ ಸಂದು ಬೀಳುತ್ತೆ. 10 ಉಳಿದಾಗ ಎಳೆ ಕತ್ತರಿಸಿ, ದಬ್ಬಣದಲ್ಲಿ ಹತ್ತಕ್ಕೂ ಪೋಣಿಸಿ, ಎರಡು ಸಲ ಸುತ್ತಿಸಿ ಬಿಗಿದುಬಿಡಿ. ಮೂರೆಳೆಯ ತುದಿಗಳನ್ನು ಒಟ್ಟಿಗೆ ಅಡಗಿಸಬೇಡಿ, ಗಂಟು ನೆತ್ತಿಗೆ ಒತ್ತುತ್ತೆ. ಒಂದೊಂದನ್ನು ಒಂದೊಂದು ದಿಕ್ಕಿಗೆ ಒಯ್ಯಿರಿ.